ಸ್ಟ್ರೋಕ್ ಆದವರ ಮನಸ್ಸು ಹೇಗಿದೆ ಅಂತ ಕೇಳುವ ರೀತಿ

ಸ್ಟ್ರೋಕ್ ಆದವರ ಮನೆಗೆ ಹೋಗಿ, ಅವರ ಮನಸ್ಸು ಹೇಗಿದೆ ಅಂತ ಕೇಳಿ ಬರೆದುಕೊಳ್ಳುವುದು ನನ್ನ ಸಂಶೋಧನೆಯ ಕೆಲಸ. ಕೈ ಎಷ್ಟು ಎತ್ತುತ್ತಾರೆ, ಎಷ್ಟು ಹೆಜ್ಜೆ ನಡೀತಾರೆ, ಬಿಪಿ ಎಷ್ಟಿದೆ, ಎಲ್ಲವನ್ನೂ ಮನೆಯವರು ಬಾಯಿಪಾಠದ ಹಾಗೆ ಹೇಳುತ್ತಾರೆ. ಮನಸ್ಸಿನ ವಿಷಯ ಬಂದಾಗ ಮಾತ್ರ, "ಇಷ್ಟು ದೊಡ್ಡ ಕಾಯಿಲೆ ಬಂದ್ಮೇಲೆ ಬೇಜಾರು ಇದ್ದೇ ಇರುತ್ತೆ, ಅಲ್ವಾ?" ಅಂತ ಮುಗಿಸಿಬಿಡುತ್ತಾರೆ.

ಬೇಜಾರು ಸಹಜ, ನಿಜ. ಆದರೆ ಸ್ಟ್ರೋಕ್ ಆದ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಹಿಡಿಯುತ್ತದೆ. ಅದು ಬರೀ ಬೇಜಾರಲ್ಲ, ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ. ಹಾಗೇ ಬಿಟ್ಟರೆ ವ್ಯಾಯಾಮ ನಿಲ್ಲುತ್ತದೆ, ಮಾತ್ರೆ ತಪ್ಪುತ್ತದೆ, ಕೈಕಾಲು ಚೇತರಿಸಿಕೊಳ್ಳುವುದೂ ನಿಧಾನವಾಗುತ್ತದೆ.

ಮೊದಲು ಎಲ್ಲಿ ಕೂರಬೇಕು ಅಂತ ನೋಡಿಕೊಳ್ಳಿ. ಮಿದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ, ಕಣ್ಣು ಚೆನ್ನಾಗಿದ್ದರೂ ಎಡಗಡೆ ಇರುವುದು ಗಮನಕ್ಕೇ ಬರುವುದಿಲ್ಲ. ನೀವು ಎಡಗಡೆ ಕೂತು ಕೇಳಿದರೆ ಉತ್ತರ ಬರದೇ ಹೋಗಬಹುದು. ಅವರಿಗೆ ಮಾತಾಡಲು ಇಷ್ಟವಿಲ್ಲ ಅಂದುಕೊಂಡು ನೀವು ಎದ್ದುಬಿಡುತ್ತೀರಿ. ಕುರ್ಚಿಯನ್ನು ಅವರ ಬಲಗಡೆ ಎಳೆದುಕೊಳ್ಳಿ. ಟಿವಿ ಆರಿಸಿ.

ಆಮೇಲೆ, ಅವರೊಬ್ಬರನ್ನೇ ಕೇಳಿ. ಒಂದು ಮನೆಯಲ್ಲಿ ನನ್ನ ಪ್ರತಿ ಪ್ರಶ್ನೆಗೂ ಹೆಂಡತಿಯೇ ಉತ್ತರ ಕೊಡುತ್ತಿದ್ದರು. "ಆರಾಮಾಗಿದ್ದಾರೆ, ಊಟ ಮಾಡ್ತಾರೆ." ಗಂಡ ತಲೆ ಬಗ್ಗಿಸಿಕೊಂಡು, ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಬಿಟ್ಟ ಕೂಡಲೇ ಅವು ಮತ್ತೆ ಮಡಚಿಕೊಳ್ಳುತ್ತಿದ್ದವು. ಹೆಂಡತಿ ನೀರು ತರಲು ಒಳಗೆ ಹೋದರು. ಆಗ ಅವರು, "ರಾತ್ರಿಯೆಲ್ಲ ಎಚ್ಚರ ಇರ್ತೀನಿ. ಅವಳಿಗೆ ಹೇಳ್ಬೇಡಿ" ಅಂದರು.

ಕೇಳಬೇಕಾದ ಪ್ರಶ್ನೆ ಎರಡೇ. ಎರಡೂ ಕಳೆದ ಎರಡು ವಾರದ ಬಗ್ಗೆ. ಏನು ಮಾಡಲೂ ಮನಸ್ಸಿಲ್ಲ, ಯಾವುದರಲ್ಲೂ ಖುಷಿ ಇಲ್ಲ ಅನ್ನಿಸಿದೆಯಾ? ಮನಸ್ಸು ಕುಗ್ಗಿದೆ, ಮುಂದೆ ಏನೂ ಇಲ್ಲ ಅನ್ನಿಸಿದೆಯಾ? ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ ಅಂದರೆ 1, ಅರ್ಧಕ್ಕಿಂತ ಜಾಸ್ತಿ ದಿನ ಅಂದರೆ 2, ಹೆಚ್ಚುಕಡಿಮೆ ದಿನಾ ಅಂದರೆ 3. ಎರಡೂ ಕೂಡಿ 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರಿಗೆ ತೋರಿಸಿ. ಪಿಎಚ್‌ಕ್ಯೂ-9 ಅನ್ನುವ ಒಂಬತ್ತು ಪ್ರಶ್ನೆಗಳ ಫಾರ್ಮಿನಲ್ಲಿ ಮೊದಲು ಬರುವುದು ಇವೇ ಎರಡು. ಉಳಿದವುಗಳಲ್ಲಿ ನಿದ್ದೆ, ಸುಸ್ತು, ಹಸಿವಿನ ಪ್ರಶ್ನೆಗಳಿವೆ. ಸ್ಟ್ರೋಕಿನಿಂದಲೇ ಇವೆಲ್ಲ ಕೆಡಬಹುದು, ಅದಕ್ಕೇ ಮೊದಲ ಎರಡರ ಮೇಲೆ ನನಗೆ ಭರವಸೆ ಜಾಸ್ತಿ.

ಮಾತು ಹೋದವರನ್ನು ದಯವಿಟ್ಟು ಬಿಡಬೇಡಿ. ಶುರುವಿನಲ್ಲಿ ನಾನು ಅಂಥವರ ಫಾರ್ಮಿನ ಮೇಲೆ "ಕೇಳಲು ಆಗಲಿಲ್ಲ" ಅಂತ ಬರೆದು ಎದ್ದು ಬರುತ್ತಿದ್ದೆ. ಅದು ದೊಡ್ಡ ತಪ್ಪು. ಬೇರೆ ಎಷ್ಟೋ ಅಧ್ಯಯನಗಳೂ ಅವರನ್ನು ಹೀಗೆ ಹೊರಗಿಟ್ಟಿವೆ. ಹೇಳಿಕೊಳ್ಳಲಾಗದವರ ಮನಸ್ಸು ಕುಗ್ಗುವ ಸಾಧ್ಯತೆ ಇನ್ನೂ ಜಾಸ್ತಿ. ಮೊದಲು ಗೊತ್ತಿರುವ ಸಂಗತಿ ಕೇಳಿ: "ನೀವೀಗ ಕುರ್ಚಿ ಮೇಲೆ ಕೂತಿದ್ದೀರಾ?" ಕೆಲವರು ಹೌದು ಅನ್ನಲು ಹೋಗಿ ಇಲ್ಲ ಅಂತಾರೆ. ಅಂಥವರಿಗೆ ಬಾಯಿಮಾತು ಬೇಡ, ಬೆರಳಿಟ್ಟು ತೋರಿಸಲು ಹೇಳಿ. ನಾಲ್ಕು ಉತ್ತರಗಳನ್ನು ದಪ್ಪ ಅಕ್ಷರದಲ್ಲಿ ಒಂದರ ಕೆಳಗೊಂದು ಬರೆಯಿರಿ. ಅಡ್ಡ ಸಾಲಿನಲ್ಲಿ ಬರೆದರೆ ಎಡತುದಿಯದ್ದು ತಪ್ಪಿಹೋಗಬಹುದು. ಒಂದು ಪ್ರಶ್ನೆ ಕೇಳಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಆ ಮೌನವನ್ನು ತಡೆದುಕೊಳ್ಳುವುದು ಕಷ್ಟ, ಆದರೂ ತಡೆದುಕೊಳ್ಳಿ.

ಅಳುವವರೆಲ್ಲ ಖಿನ್ನರಲ್ಲ. ಸ್ಟ್ರೋಕ್ ಆದಮೇಲೆ ಕೆಲವರಿಗೆ ಅಳುವಿನ ಮೇಲೆ ಹಿಡಿತ ತಪ್ಪುತ್ತದೆ. ಮೊಮ್ಮಗು ಹತ್ತಿರ ಬಂದರೂ ಕಣ್ಣೀರು, ಅರ್ಧ ನಿಮಿಷದಲ್ಲಿ ಮಾಮೂಲು. "ಅಳು ಬಂದಾಗ ಒಳಗೂ ದುಃಖ ಇತ್ತಾ?" ಅಂತ ಕೇಳಿ. ಇಲ್ಲ ಅಂದರೆ ಅದನ್ನೂ ಡಾಕ್ಟರಿಗೆ ಹೇಳಿ, ಅದಕ್ಕೂ ಔಷಧಿ ಇದೆ.

"ಬದುಕಿರೋದು ಬೇಡ ಅನ್ನಿಸುತ್ತಾ?" ಅಂತಲೂ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಅನ್ನುವ ಭಯ ಬೇಡ. ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆಗಳನ್ನು ಕೈಗೆ ಸಿಗದಂತೆ ಇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಖಿನ್ನತೆಯ ಮಾತ್ರೆಯನ್ನು ನೀವೇ ಶುರು ಮಾಡಬೇಡಿ, ನೀವೇ ನಿಲ್ಲಿಸಲೂಬೇಡಿ. ಅವುಗಳಲ್ಲಿ ಕೆಲವು, ರಕ್ತ ತೆಳುವಾಗಿಸುವ ಮಾತ್ರೆ ಜೊತೆ ಸೇರಿದರೆ, ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಫೋಕಸ್ ಅಧ್ಯಯನದಲ್ಲಿ ಸ್ಟ್ರೋಕ್ ಆದ 3,127 ಜನರಿದ್ದರು. ಅರ್ಧದಷ್ಟು ಜನಕ್ಕೆ ಆರು ತಿಂಗಳು ಫ್ಲುಯೊಕ್ಸೆಟಿನ್ ಅನ್ನುವ ಖಿನ್ನತೆಯ ಮಾತ್ರೆ ಕೊಟ್ಟರು. ಅವರಲ್ಲಿ ಖಿನ್ನತೆ ಕಡಿಮೆಯಾಯಿತು, ಆದರೆ ದಿನನಿತ್ಯದ ಕೆಲಸ ಮಾಡಿಕೊಳ್ಳುವ ಶಕ್ತಿ ಸುಧಾರಿಸಲಿಲ್ಲ, ಮೂಳೆ ಮುರಿತವೂ ಜಾಸ್ತಿಯಾಯಿತು. ಆದ್ದರಿಂದ ಬೇಕಾದವರಿಗೆ ಮಾತ್ರ, ವೈದ್ಯರ ಕಣ್ಗಾವಲಿನಲ್ಲಿ. ಮಾತಿನ ಚಿಕಿತ್ಸೆ ಸಿಗುವುದಾದರೆ ಅದನ್ನೂ ಕೇಳಿ ಪಡೆಯಿರಿ.

ಒಮ್ಮೆ ಕೇಳಿ ಸುಮ್ಮನಾಗಬೇಡಿ. ಮನೆಗೆ ಬಂದ ತಿಂಗಳಿಗೆ ಕೇಳಿ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಕೇಳಿ. ನೋಡಿಕೊಳ್ಳುವವರಿಗೂ ಇದೇ ಎರಡು ಪ್ರಶ್ನೆ ಕೇಳಿ. ಆವತ್ತು ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ಆ ಹೆಂಡತಿಗೂ ಕೇಳಿದೆ. ಗಂಡನಿಗೆ 4 ಬಂದಿತ್ತು. ಅವರಿಗೆ 5 ಬಂತು.