ಮೂರು ಮಾತ್ರೆ ಬಿಟ್ಟು ನೋಡಿದ ಮೂರು ತಿಂಗಳು

ನನಗೆ 27 ವರ್ಷ ಇದ್ದಾಗ ಡಯಲೇಟೆಡ್ ಕಾರ್ಡಿಯೋಮಯೋಪತಿ ಅಂತ ಗೊತ್ತಾಯಿತು. ಹಾರ್ಟಿನ ಮಾಂಸ ಸೋತು, ಗೂಡು ದೊಡ್ಡದಾಗಿ, ರಕ್ತ ತಳ್ಳುವ ಶಕ್ತಿ ಕಮ್ಮಿಯಾಗುವ ಕಾಯಿಲೆ ಇದು. ಸೋಮವಾರಪೇಟೆ ಕಡೆಯ ನಮ್ಮ ತೋಟದಲ್ಲಿ ಹೊಳೆಯಿಂದ ಮನೆಗೆ ಹತ್ತುವಾಗ ಉಸಿರು ಸಿಗುತ್ತಿರಲಿಲ್ಲ, ರಾತ್ರಿ ಮಲಗಿದರೆ ಕೆಮ್ಮು, ಹತ್ತಿರದ ಕ್ಲಿನಿಕ್ ಒಂದರಲ್ಲಿ ಎರಡು ತಿಂಗಳು ಕಫಕ್ಕೆ ಔಷಧಿ ಕೊಟ್ಟರು. ಕೊನೆಗೆ ಮೈಸೂರಿಗೆ ಹೋಗಿ ಎಕೋ, ಅಂದರೆ ಹಾರ್ಟಿನ ಸ್ಕ್ಯಾನ್, ಮಾಡಿಸಿದರೆ ಪಂಪಿಂಗ್ 30. ಅಂದರೆ ಒಂದೊಂದು ಬಡಿತಕ್ಕೂ ಹಾರ್ಟು ತನ್ನೊಳಗಿನ ರಕ್ತದಲ್ಲಿ 30 ಪರ್ಸೆಂಟ್ ಮಾತ್ರ ಹೊರಗೆ ತಳ್ಳುತ್ತಿತ್ತು. ಮಾಮೂಲಿಯಾಗಿ 55ರ ಮೇಲೆ ಇರಬೇಕಂತೆ.

ನಾಲ್ಕು ಮಾತ್ರೆ ಶುರುವಾಯಿತು. ಎರಡು ವರ್ಷದಲ್ಲಿ 30 ಇದ್ದದ್ದು 52ಕ್ಕೆ ಬಂತು. ನಾನು ಮತ್ತೆ ಕಣದಲ್ಲಿ ಕಾಫಿ ಹರಡುತ್ತಿದ್ದೆ, ಮದುವೆ ಮನೆಗಳಿಗೆ ಹೋಗುತ್ತಿದ್ದೆ. ಹೋದ ಕಡೆಯೆಲ್ಲ ಒಂದೇ ಪ್ರಶ್ನೆ, ನಿಮಗೆ ಗೊತ್ತೇ ಇದೆ. ಅತ್ತೆ ನೇರವಾಗಿ ಕೇಳಲಿಲ್ಲ. ಆದರೆ ಅಟ್ಟದ ಮೇಲಿದ್ದ ಹಳೇ ತೊಟ್ಟಿಲನ್ನು ಒಂದು ದಿನ ಕೆಳಗಿಳಿಸಿ ಒರೆಸಿಟ್ಟರು. ಕೇಳಿದರೆ "ಸುಮ್ನೆ, ಗೆದ್ದಲು ಹಿಡಿದೀತು ಅಂತ" ಅಂದರು.

ಗರ್ಭಿಣಿಯಾಗುವ ಮೊದಲೇ ಹಾರ್ಟ್ ಡಾಕ್ಟರ ಹತ್ತಿರ ಹೋಗಿ ಕೇಳಬೇಕು ಅನ್ನುವುದು ನನಗೆ ಹೊಳೆದದ್ದಲ್ಲ. ಫಾರ್ಮಸಿ ಓದಿದ ನನ್ನ ನಾದಿನಿ, ಮಾತ್ರೆ ಚೀಟಿ ನೋಡಿ, "ಅತ್ತಿಗೆ, ಇದರಲ್ಲಿ ಮೂರು ಮಗುವಿಗೆ ಆಗಲ್ಲ" ಅಂದಳು. ಸರಿಯಾಗೇ ಹೇಳಿದ್ದಳು. ಸಕುಬಿಟ್ರಿಲ್-ವಲ್ಸಾರ್ಟಾನ್ ಹೊಟ್ಟೆಯಲ್ಲಿರುವ ಮಗುವಿನ ಕಿಡ್ನಿಯನ್ನೇ ಕೆಡಿಸಬಹುದು. ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್ ಕೂಡ ಬಿಡಬೇಕು. ಉಳಿಯುವುದು ಮೆಟೊಪ್ರೊಲಾಲ್ ಒಂದೇ. ಹಾಗಂತ ಇದನ್ನು ಓದಿ ಯಾರೂ ತಾವಾಗಿಯೇ ಮಾತ್ರೆ ಬಿಡಬೇಡಿ. ಮಾತ್ರೆ ತಗೊಳ್ಳುತ್ತಿರುವಾಗಲೇ ಮುಟ್ಟು ನಿಂತಿದ್ದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೂ ಕಾಯಬೇಡಿ, ಅವತ್ತೇ ಫೋನ್ ಮಾಡಿ.

ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತಾಡಿದರು. ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಮ್ಮಿ ಅರ್ಧದಷ್ಟು ಜಾಸ್ತಿಯಾಗುತ್ತದೆ. ಹಾರ್ಟು 30ರಿಂದ 50 ಪರ್ಸೆಂಟ್ ಹೆಚ್ಚು ಕೆಲಸ ಮಾಡಬೇಕು, ಅದೂ ಏಳನೇ ತಿಂಗಳ ಹೊತ್ತಿಗೆ ಜೋರು. ಹೆರಿಗೆ ಆದ ಕೂಡಲೇ ಗರ್ಭಕೋಶದ ರಕ್ತವೆಲ್ಲ ಒಮ್ಮೆಗೇ ವಾಪಸ್ ನುಗ್ಗುತ್ತದೆ, ಹಾಗಾಗಿ ಹೆರಿಗೆ ಮುಗಿಯಿತು ಅಂದರೆ ಗಂಡಾಂತರ ಮುಗಿಯಿತು ಅಂತಲ್ಲ. ಪಂಪಿಂಗ್ 30ಕ್ಕಿಂತ ಕೆಳಗಿದ್ದರೆ ಬೇಡವೇ ಬೇಡ ಅನ್ನುತ್ತಾರೆ. 30ರಿಂದ 45 ಅಂದರೆ ದೊಡ್ಡ ರಿಸ್ಕ್. 45ರ ಮೇಲೆ ಸ್ವಲ್ಪ ವಾಸಿ.

"ನನಗೆ 52 ಇದೆಯಲ್ಲ ಸಾರ್" ಅಂದೆ.

"ಅದು ಮಾತ್ರೆಯ 52. ಮಾತ್ರೆ ತೆಗೆದ ಮೇಲೆ ಎಷ್ಟು ಅಂತ ನೋಡಬೇಕು" ಅಂದರು.

ಲಂಡನ್ನಿನಲ್ಲಿ ನಡೆಸಿದ ಒಂದು ಅಧ್ಯಯನದ ಬಗ್ಗೆಯೂ ಹೇಳಿದರು, 2019ರದ್ದು. ನನ್ನ ಹಾಗೆ ಚೇತರಿಸಿಕೊಂಡ 51 ಜನರನ್ನು ತಗೊಂಡು, ಅವರಲ್ಲಿ ಅರ್ಧದಷ್ಟು ಜನಕ್ಕೆ ಮೊದಲು ಮಾತ್ರೆ ನಿಲ್ಲಿಸಿದ್ದರು. ಆರು ತಿಂಗಳೊಳಗೆ ಅಂಥವರಲ್ಲಿ 44 ಪರ್ಸೆಂಟ್ ಜನರಿಗೆ ಕಾಯಿಲೆ ಮರುಕಳಿಸಿತು. ಅಲ್ಲಿ ಎಲ್ಲ ಮಾತ್ರೆಯನ್ನೂ ಬಿಡಿಸಿದ್ದರು, ನನಗೆ ಒಂದು ಉಳಿಯುತ್ತದೆ, ಆದರೂ ಆ ಲೆಕ್ಕ ಕೇಳಿ ನಮ್ಮವರ ಮುಖ ಬಿಳಿಚಿಕೊಂಡಿತು.

ಹಾಗೆ ತೀರ್ಮಾನವಾಯಿತು: ಮೂರು ಮಾತ್ರೆ ಬಿಡುವುದು, ಮೂರು ತಿಂಗಳು ನೋಡುವುದು, ಆಮೇಲೆ ಎಕೋ. ಅಲ್ಲಿಯವರೆಗೆ ಬಸುರಾಗಬಾರದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನಮ್ಮಂಥವರಿಗೆ ಒಳ್ಳೆಯದಲ್ಲ, ರಕ್ತ ಹೆಪ್ಪುಗಟ್ಟುವ ಭಯ. ನನಗೆ ಕಾಪರ್-ಟಿ ಹಾಕಿದ್ದರು. ಜೀನ್ ಟೆಸ್ಟಿಗೂ ರಕ್ತ ಕೊಟ್ಟೆ, ಯಾಕೆಂದರೆ ಕಾಯಿಲೆಗೆ ಕಾರಣವಾದ ಜೀನ್ ದೋಷ ಸಿಕ್ಕಿದರೆ ಅದು ಮಗುವಿಗೆ ಬರುವ ಸಂಭವ ಸಾಮಾನ್ಯವಾಗಿ ಅರ್ಧಕ್ಕರ್ಧ. ಏನೂ ಸಿಗಲಿಲ್ಲ. ಸಿಗದಿದ್ದರೆ ಇಲ್ಲ ಅಂತ ಅರ್ಥವಲ್ಲವಂತೆ, ಅದಕ್ಕೆ ನನ್ನ ತಮ್ಮನಿಗೂ ಒಂದು ಎಕೋ ಮಾಡಿಸಿದೆವು. ಅವನದು ಚೆನ್ನಾಗಿದೆ.

ಇನ್ನು ನಮ್ಮೂರಿನ ಲೆಕ್ಕ. ಇದನ್ನು ಯಾವ ಡಾಕ್ಟರೂ ಹೇಳಲ್ಲ, ಕೊಡಗಿನಲ್ಲಿ ಇರುವವರೇ ಹಾಕಿಕೊಳ್ಳಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ದಾರಿ ಮುಚ್ಚುವುದು, ನಾಲ್ಕು ದಿನ ಕರೆಂಟ್ ಇಲ್ಲದಿರುವುದು, ಫೋನ್ ಸತ್ತುಹೋಗುವುದು ಸುದ್ದಿಯೇ ಅಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಜರಿದು ಮಡಿಕೇರಿ-ಮಂಗಳೂರು ರಸ್ತೆಯೇ ನಿಂತುಹೋಗಿತ್ತು, ಮಾದಾಪುರ, ಮಕ್ಕಂದೂರು ಕಡೆ ಮನೆಗಳೇ ಹೋದವು. ಮೈಸೂರು ಅಂದರೆ ಕುಶಾಲನಗರ ಮುಟ್ಟಿದ ಮೇಲೂ ಸುಮಾರು 90 ಕಿಲೋಮೀಟರ್. ಅಂಥ ಮಳೆಯಲ್ಲಿ ನಾನು ಎಂಟು ತಿಂಗಳ ಬಸುರಿಯಾಗಿ ಏದುಸಿರು ಬಿಡುತ್ತಾ ಕೂತಿದ್ದರೆ? ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರನ್ನು ಊಟದ ಮೇಜಿನ ಮೇಲೆ ಹಾಕಿಕೊಂಡು ನಮ್ಮವರು ಹಿಂದಿನಿಂದ ಮುಂದಕ್ಕೆ ಎಣಿಸಿದರು. ಹೆರಿಗೆ ಫೆಬ್ರವರಿಗೆ ಬರಬೇಕು, ಏಳನೇ ತಿಂಗಳು ನವೆಂಬರ್, ಹಾಗಾದರೆ ಬಸುರಾಗಬೇಕಾದದ್ದು ಮೇ. ಎಕೋ ಏಪ್ರಿಲ್‌ನಲ್ಲಿ. ಮಾತ್ರೆ ಬಿಡುವುದು ಜನವರಿಯಲ್ಲಿ, ಅಂದರೆ ಕಾಫಿ ಕುಯ್ಲಿನ ಮಧ್ಯದಲ್ಲಿ. "ಈ ವರ್ಷ ನೀನು ಕಣಕ್ಕೆ ಇಳಿಯೋದು ಬೇಡ" ಅಂದರು. ಕೊನೆಯ ಎರಡು ತಿಂಗಳಿಗೆ ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿ ಒಂದು ರೂಮು ಕೂಡ ಕೇಳಿಟ್ಟಾಗಿತ್ತು. ನಗಬೇಡಿ, ಹೀಗೇ ನಾವು.

ಆ ಮೂರು ತಿಂಗಳು ದಿನಾ ಬೆಳಿಗ್ಗೆ ಬಾತ್‌ರೂಮಿಗೆ ಹೋಗಿಬಂದು, ಕಾಫಿ ಕುಡಿಯುವ ಮೊದಲು ತೂಕ ನೋಡುತ್ತಿದ್ದೆ. ಬಿಪಿ ಮಿಷಿನ್ ಕೊಂಡೆವು. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ನೀರು ತುಂಬುತ್ತಿದೆ ಅಂತ, ಫೋನ್ ಮಾಡಬೇಕು. ಉಪ್ಪು ಕಮ್ಮಿ. ಉಪ್ಪುನೀರಲ್ಲಿ ಹಾಕಿಟ್ಟ ಕಳಲೆ ಭರಣಿಯನ್ನು ಅತ್ತೆ ನನ್ನ ಕಣ್ಣಿಗೆ ಬೀಳದ ಹಾಗೆ ಎತ್ತಿಟ್ಟಿದ್ದರು, ನಾನು ಎರಡು ಸಲ ಹುಡುಕಿ ತಿಂದೆ.

ಆದರೆ ನನಗೆ ನಿಜ ಹೇಳಿದ್ದು ತೂಕದ ಮಿಷಿನ್ ಅಲ್ಲ, ಹೊಳೆಯ ದಾರಿ. ದಿನಾ ಸಂಜೆ ಹೊಳೆಗಿಳಿದು ಹತ್ತಿ ಬರುತ್ತಿದ್ದೆ. ಜನವರಿಯಲ್ಲಿ ಎಲ್ಲೂ ನಿಲ್ಲದೆ ಮನೆ ಮುಟ್ಟುತ್ತಿದ್ದೆ. ಮಾರ್ಚ್‌ನಲ್ಲಿ ಹೂಮಳೆ ಬಂದು ತೋಟವೆಲ್ಲ ಬೆಳ್ಳಗಾಗಿ ಘಮ್ ಅನ್ನುತ್ತಿದ್ದಾಗ, ಅರ್ಧ ದಾರಿಯಲ್ಲಿ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರ ಒಂದಿದೆ, ಅದಕ್ಕೆ ಕೈ ಕೊಟ್ಟು ನಿಂತೆ. ಹೂವು ನೋಡೋಕೆ ನಿಂತೆ ಅಂತ ನನಗೆ ನಾನೇ ಹೇಳಿಕೊಂಡೆ. ಮರುದಿನವೂ ಅಲ್ಲೇ ನಿಂತೆ. ಒಂದು ವಾರ ಯಾರಿಗೂ ಹೇಳಲಿಲ್ಲ. ಅದು ನಾನು ಮಾಡಿದ ತಪ್ಪು, ಮೊದಲ ದಿನವೇ ಫೋನ್ ಮಾಡಬೇಕಿತ್ತು.

ಏಪ್ರಿಲ್‌ವರೆಗೆ ಕಾಯದೆ ಹೋದೆವು. ಎಡಮಗ್ಗುಲಾಗಿ ಮಲಗಿಸಿ, ತಣ್ಣನೆ ಜೆಲ್ ಹಚ್ಚಿ, ಆ ಹುಡುಗಿ ಒತ್ತಿ ಒತ್ತಿ ನೋಡಿದಳು. ಒಂದೇ ಜಾಗವನ್ನು ಮೂರು ಸಲ ಅಳೆದಾಗಲೇ ನನಗೆ ಗೊತ್ತಾಯಿತು. 44.

ಡಾಕ್ಟರು ಬೇಡ ಅನ್ನಲಿಲ್ಲ. 44ರಲ್ಲಿ ಹೆತ್ತವರಿದ್ದಾರೆ, ಹಾರ್ಟ್ ಡಾಕ್ಟರು, ಹೆರಿಗೆ ಡಾಕ್ಟರು, ಅರಿವಳಿಕೆಯವರು ಎಲ್ಲ ಸೇರಿ ನೋಡಿಕೊಳ್ಳಬೇಕಾಗುತ್ತದೆ, ತೀರ್ಮಾನ ನಿಮ್ಮದು ಅಂದರು. ನಾನೇ ಬೇಡ ಅಂದೆ. 44 ಅಲ್ಲಿಗೇ ನಿಂತಿದ್ದರೆ ಬೇರೆ ಮಾತು. ಮೈಮೇಲೆ ಇನ್ನೂ ಯಾವ ಹೊರೆಯೂ ಇಲ್ಲದೆ ಬರೀ ಹತ್ತು ವಾರದಲ್ಲಿ 52ರಿಂದ ಇಳಿದದ್ದು ಅದು. ಇನ್ನು ಒಂಬತ್ತು ತಿಂಗಳು, ಆ ಮಾತ್ರೆಗಳಿಲ್ಲದೆ, ಮಳೆಗಾಲ ದಾಟಿ. ನಮ್ಮವರು ಕಾರು ಓಡಿಸುತ್ತಾ ಹುಣಸೂರು ದಾಟುವವರೆಗೂ ಮಾತಾಡಲಿಲ್ಲ. ಪಿರಿಯಾಪಟ್ಟಣದಲ್ಲಿ ಟೀಗೆ ನಿಲ್ಲಿಸಿದಾಗ, "ನೀನು ಹೇಳದೇ ಇದ್ದಿದ್ರೆ ನಾನು ಹೇಳ್ತಿದ್ದೆ, ಆಮೇಲೆ ಜೀವನವಿಡೀ ನನ್ನ ಮೇಲೆ ಇರ್ತಿತ್ತು" ಅಂದರು.

ಅವತ್ತೇ ಮಾತ್ರೆ ಮತ್ತೆ ಶುರು. ಆಗಸ್ಟ್‌ನಲ್ಲಿ ಎಕೋ ಮಾಡಿಸಿದಾಗ 49 ಆಗಿತ್ತು. ಸಿಲ್ವರ್ ಮರದ ಹತ್ತಿರ ಈಗ ನಿಲ್ಲುವುದಿಲ್ಲ.

ದತ್ತು ಬಗ್ಗೆ ವಿಚಾರಿಸುತ್ತಿದ್ದೇವೆ. ಕೇಂದ್ರ ಸರ್ಕಾರದ ದತ್ತು ಸಂಸ್ಥೆ ಕಾರಾ ಮೂಲಕ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು, ಮನೆಗೆ ಬಂದು ನೋಡಿ ವರದಿ ಬರೆಯುತ್ತಾರೆ. ಅಲ್ಲೂ ಒಂದು ತೊಡಕು: ತಂದೆತಾಯಿಗೆ ಜೀವಕ್ಕೆ ಅಪಾಯ ತರುವ ಕಾಯಿಲೆ ಇರಬಾರದು, ಡಾಕ್ಟರ ಸರ್ಟಿಫಿಕೇಟ್ ಬೇಕು. ಅದೇ ಫೈಲು ಹಿಡಿದುಕೊಂಡು ಅದೇ ಡಾಕ್ಟರ ಹತ್ತಿರ ಹೋದೆ. ಎಲ್ಲ ಎಕೋಗಳನ್ನೂ ಸಾಲಾಗಿ ಜೋಡಿಸಿ ನೋಡಿ, "ಇನ್ನೊಂದು ಆರು ತಿಂಗಳು ಹೀಗೇ ಇರಲಿ, ಬರೆದುಕೊಡುತ್ತೇನೆ" ಅಂದರು.

ಮನೆಗೆ ಬಂದು ಹೇಳಿದೆ. ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. "ಅಲ್ಲಿ ಎಷ್ಟು ವಯಸ್ಸಿನ ಮಗು ಕೊಡ್ತಾರಂತೆ?" ಅಂತ ಕೇಳಿದರು. ಗೊತ್ತಿಲ್ಲ, ದೊಡ್ಡದೂ ಇರಬಹುದು ಅಂದೆ. ತೊಟ್ಟಿಲ ಕಡೆ ನೋಡಿ, "ಹಾಗಾದ್ರೆ ಇದು ಸಾಲಲ್ಲ" ಅಂದರು.