ಚುಕ್ಕಿ ಎಲ್ಲಿ ಹಾಕುತ್ತೇನೆ, ಎಲ್ಲಿ ಬಿಡುತ್ತೇನೆ

ಶಿರಸಿ ಸುತ್ತಮುತ್ತಲ ಹೋಂಸ್ಟೇಗಳಿಗೆ ಕರಪತ್ರ, ಮನೆಯಲ್ಲೇ ಮಾಡಿ ಮಾರುವವರಿಗೆ ಬಾಟಲಿ ಲೇಬಲ್ಲು ಬರೆದುಕೊಡುವುದು ನನ್ನ ಕೆಲಸ. ಚುಕ್ಕಿ ಎಂದರೆ ಪಟ್ಟಿಯ ಸಾಲಿನ ಮೊದಲು ಇಡುವ • ಗುರುತು. "ಎಲ್ಲಾದಕ್ಕೂ ಚುಕ್ಕಿ ಹಾಕ್ಬಿಡೆ ತಂಗಿ, ಚೊಲೋ ಕಾಣ್ತು" ಎನ್ನುವವರೇ ಹೆಚ್ಚು. ನಾನು ಚುಕ್ಕಿ ಹಾಕುವುದು ಓದುವವರು ಹುಡುಕಿಕೊಂಡು ಬರುವ ಸಂಗತಿಗೆ ಮಾತ್ರ: ದೂರ, ದರ, ಊಟ, ತರಬೇಕಾದ ಸಾಮಾನು.

ಕನ್ನಡದಲ್ಲಿ ಇದಕ್ಕೊಂದು ತೊಡಕಿದೆ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. "ನಮ್ಮಲ್ಲಿ ಬೆಳಿಗ್ಗೆ ತೆಳ್ಳೇವು ಸಿಗುತ್ತದೆ", "ನಮ್ಮಲ್ಲಿ ಮಧ್ಯಾಹ್ನ ಅಪ್ಪೆಹುಳಿ ಸಿಗುತ್ತದೆ" ಎಂದು ಬರೆಯುತ್ತ ಹೋದರೆ ಪ್ರತಿ ಸಾಲಿನ ತಲೆಯೂ ಬಾಲವೂ ಒಂದೇ. ಬೇಕಾದ್ದು ನಡುವೆ ಅಡಗಿ ಕೂತಿರುತ್ತದೆ. ಎಡ ಅಂಚಿನಲ್ಲಿ ಕಣ್ಣು ಇಳಿಸುವವರಿಗೆ "ನಮ್ಮಲ್ಲಿ, ನಮ್ಮಲ್ಲಿ" ಬಿಟ್ಟು ಇನ್ನೇನೂ ಕಾಣದು. ಆ ತಲೆಬಾಲ ಎರಡನ್ನೂ ಕತ್ತರಿಸಿ ಮೇಲಿನ ಒಂದೇ ಸಾಲಿಗೆ ಕೊಡುತ್ತೇನೆ. ಮಳೆಗಾಲದ ಕರಪತ್ರವೊಂದರಲ್ಲಿ ಕೊನೆಗೆ ಉಳಿದದ್ದು ಇಷ್ಟು:

ಬರುವಾಗ ತನ್ನಿ
• ಉದ್ದ ಕಾಲುಚೀಲ (ತೋಟದಲ್ಲಿ ಉಂಬಳ ಇವೆ)
• ಟಾರ್ಚ್ (ಕರೆಂಟು ಹೋಗುವುದುಂಟು)
• ನಗದು (ನೆಟ್‌ವರ್ಕ್ ನಂಬುವಂತಿಲ್ಲ)

ಉಂಬಳದ, ಅಂದರೆ ಜಿಗಣೆಯ, ಹೆಸರೇ ಬೇಡ ಎಂದು ಆ ಹೋಂಸ್ಟೇಯವರು ಹಟ ಹಿಡಿದಿದ್ದರು. ಬಂದ ಮೇಲೆ ಹೇಗೂ ಕಾಲಿಗೆ ಹತ್ತುತ್ತವಲ್ಲ, ಮೊದಲ ಸಾಲಿನಲ್ಲೇ ಇರಲಿ ಎಂದೆ.

ವಿಭಕ್ತಿಯನ್ನೂ ನೋಡಿಕೊಳ್ಳಬೇಕು. ಮೇಲಿನ ಸಾಲು "ಇಲ್ಲಿಂದ ಹೋಗಬಹುದು" ಎಂದಿದ್ದರೆ ಕೆಳಗೆ "ಯಾಣಕ್ಕೆ", "ಬನವಾಸಿಗೆ" ಎಂದೇ ಬರಬೇಕು. ನಡುವೆ ಬರೀ "ಸಹಸ್ರಲಿಂಗ" ಎಂದು ಬಂದರೆ ಕಾಲು ಎಡವಿದಂತಾಗುತ್ತದೆ. ಮೇಲಿನ ಸಾಲಿಗೆ ಒಂದೊಂದನ್ನೂ ಜೋಡಿಸಿ ಗಟ್ಟಿಯಾಗಿ ಓದಿದರೆ ತಪ್ಪು ತಾನೇ ಕೇಳಿಸುತ್ತದೆ.

ಕಾರಣ ಹೇಳುವಲ್ಲಿ ಮಾತ್ರ ಚುಕ್ಕಿ ಹಾಕುವುದಿಲ್ಲ. ಸಹಸ್ರಲಿಂಗದ ಲಿಂಗಗಳನ್ನು ಕೆತ್ತಿರುವುದು ಶಾಲ್ಮಲಾ ನದಿಯ ಬಂಡೆಗಳ ಮೇಲೆ. ಮಳೆಗಾಲದಲ್ಲಿ ಹೊಳೆ ಏರಿ ಅವು ಮುಳುಗುತ್ತವೆ. ಆದ್ದರಿಂದ ಮಳೆ ಮುಗಿದು ನೀರು ಇಳಿದ ಮೇಲೆಯೇ ಬರಬೇಕು. ಇದನ್ನು ಮೂರು ಚುಕ್ಕಿಗೆ ಒಡೆದರೆ ಮೊದಲು ಬಿದ್ದುಹೋಗುವುದು ಆ "ಆದ್ದರಿಂದ". ಹಾಗೆ ಓದಿ ಜುಲೈನಲ್ಲಿ ಬಂದವರು ಕೆಂಪು ನೀರು ನೋಡಿಕೊಂಡು ವಾಪಸಾಗುತ್ತಾರೆ.

ಮುರುಗಲು (ಕೋಕಂ) ಸಿರಪ್ಪಿನ ಲೇಬಲ್ಲಿನಲ್ಲಿ ಬೆರೆಸುವ ವಿಧಾನಕ್ಕೆ 1, 2, 3 ಹಾಕುತ್ತೇನೆ, ಅಲ್ಲಿ ಕ್ರಮ ಮುಖ್ಯ. ಉಳಿದದ್ದಕ್ಕೆ ಅಂಕಿ ಬೇಡ.

ಇನ್ನು "ಉತ್ತಮ ಗುಣಮಟ್ಟ", "ಸಂಪೂರ್ಣ ನೈಸರ್ಗಿಕ" ಎಂಬ ಸಾಲುಗಳು. ಪಕ್ಕದ ಮನೆಯ ಬಾಟಲಿಗೂ ಅಂಟಿಸಬಹುದಾದ ಚುಕ್ಕಿಯನ್ನು ತೆಗೆದೇಬಿಡುತ್ತೇನೆ. ಅಡಿಕೆ ಪೊಟ್ಟಣಕ್ಕಾದರೆ ಬರೆಯಲು ಗಟ್ಟಿ ಸಂಗತಿಯೇ ಇದೆ: ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ "ಶಿರಸಿ ಸುಪಾರಿ"ಗೆ 2019ರಲ್ಲಿ ಜಿಐ (ಇಂಥ ಪ್ರದೇಶದ್ದೇ ಎಂದು ಗುರುತಿಸುವ ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆದರೆ ಅಧಿಕೃತ ಬಳಕೆದಾರರೆಂದು ನೋಂದಣಿ ಮಾಡಿಸದವರು ಎಷ್ಟು ಒತ್ತಾಯಿಸಿದರೂ ಆ ಸಾಲು ಹಾಕಿಕೊಡುವುದಿಲ್ಲ.