ನಾಯಿ ಕಚ್ಚಿದರೆ ಮೊದಲು ಸೋಪು, ಆಮೇಲೆ ಬಸ್ಸು

ಸುಣ್ಣ ಮೆತ್ತಿದ ಗಾಯ ತೊಳೆಯುವುದು ಎಷ್ಟು ಕಷ್ಟ ಅಂತ ತೊಳೆದವರಿಗೇ ಗೊತ್ತು. ಚಿಂತಾಮಣಿ ಕಡೆಯ ಆಸ್ಪತ್ರೆಯೊಂದರ ಇಂಜೆಕ್ಷನ್ ರೂಮಿನಲ್ಲಿ ನಾನು ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ನಾಯಿ ಕಚ್ಚಿಸಿಕೊಂಡು ಬಂದವರಲ್ಲಿ ಒಬ್ಬರ ಗಾಯಕ್ಕೆ ಅರಿಶಿನ, ಇನ್ನೊಬ್ಬರದಕ್ಕೆ ಕಾಫಿಪುಡಿ, ಮತ್ತೊಬ್ಬರದಕ್ಕೆ ಮೆಣಸಿನಪುಡಿ. ಸೋಪು ಹಾಕಿ ತೊಳೆದುಕೊಂಡು ಬಂದವರನ್ನು ಬೆರಳಲ್ಲಿ ಎಣಿಸಬಹುದು. ‘ಹೇಗೂ ಸೂಜಿ ಹಾಕ್ತೀರಲ್ಲ ಸಿಸ್ಟರ್, ಇನ್ನೇನು ಭಯ?’ ಅಂತ ಕೇಳುತ್ತಾರೆ.

ಭಯ ಇರುವುದು ಇಲ್ಲೇ. ರೇಬಿಸ್, ಅಂದರೆ ಹುಚ್ಚುನಾಯಿ ರೋಗದ ವೈರಸನ್ನು ಲಸಿಕೆ ಕೊಲ್ಲುವುದಿಲ್ಲ, ಅದನ್ನು ಕೊಲ್ಲಬೇಕಾದದ್ದು ನಮ್ಮ ಮೈಯೇ. ಲಸಿಕೆಯಲ್ಲಿರುವುದು ಸತ್ತ ವೈರಸ್. ಅದನ್ನು ನೋಡಿ ಬಿಳಿ ರಕ್ತಕಣಗಳು ಶತ್ರುವಿನ ಗುರುತು ಹಿಡಿಯಬೇಕು, ಆ ಗುರುತಿಗೆ ಸರಿಯಾಗಿ ಕೂತು ವೈರಸನ್ನು ಕಟ್ಟಿಹಾಕುವ ಪ್ರತಿಕಾಯಗಳನ್ನು (ಆಂಟಿಬಾಡಿ) ತಯಾರಿಸಬೇಕು. ಅದಕ್ಕೆ ಒಂದೆರಡು ವಾರ ಹಿಡಿಯುತ್ತದೆ. ಅಷ್ಟು ದಿನ ಗಾಯದೊಳಗಿನ ವೈರಸ್ ಸುಮ್ನೆ ಕೂರುತ್ತದಾ? ಮಾಂಸಖಂಡದಲ್ಲಿ ಹೆಚ್ಚಿಕೊಂಡು, ಹತ್ತಿರದ ನರಕ್ಕೆ ನುಗ್ಗಿ, ನರದೊಳಗೇ ಮೆದುಳಿನ ಕಡೆ ಹೊರಡುತ್ತದೆ. ನರ ಸೇರಿಕೊಂಡ ಮೇಲೆ ಪ್ರತಿಕಾಯಗಳ ಕೈಗೆ ಅದು ಸುಲಭವಾಗಿ ಸಿಗುವುದಿಲ್ಲ. ಮೆದುಳು ತಲುಪಿ ರೋಗದ ಲಕ್ಷಣ ಶುರುವಾದರೆ ಉಳಿಯುವವರು ಇಲ್ಲವೆಂದೇ ತಿಳಿಯಿರಿ. ಮುಂದೆ ಹೇಳುವ ಪ್ರತಿಯೊಂದು ಕೆಲಸವೂ ಮೈಗೆ ಆ ಎರಡು ವಾರ ದೊರಕಿಸಿಕೊಡುವುದಕ್ಕೆ.

ತೊಳೆಯುವುದು

ಕಚ್ಚಿದ ಜಾಗದಲ್ಲೇ, ಆಗಲೇ ತೊಳೆಯಬೇಕು. ಆಟೋ ಹುಡುಕುವುದು ಆಮೇಲೆ. ಈ ವೈರಸ್‌ಗೆ ಹೊರಗಡೆ ಕೊಬ್ಬಿನ ತೆಳುವಾದ ಪದರ ಇರುತ್ತದೆ. ಬಾಂಡ್ಲಿಯ ಜಿಡ್ಡು ಸೋಪಿಗೆ ಬಿಡುತ್ತದಲ್ಲ, ಹಾಗೇ ಆ ಪದರವೂ ಒಡೆಯುತ್ತದೆ, ವೈರಸ್ ಕೆಲಸಕ್ಕೆ ಬಾರದಂತಾಗುತ್ತದೆ. ಮೈಸೋಪೋ ಬಟ್ಟೆಸೋಪೋ, ಕೈಗೆ ಸಿಕ್ಕಿದ್ದು ಸಾಕು. ದುಬಾರಿ ಆಂಟಿಸೆಪ್ಟಿಕ್ ಸೋಪು ಹುಡುಕುತ್ತಾ ಅಂಗಡಿಗೆ ಹೋಗಬೇಡಿ.

ಹರಿಯುವ ನೀರು ಬೇಕು, 15 ನಿಮಿಷ ಬೇಕು. ಗಡಿಯಾರ ನೋಡಿಕೊಂಡೇ ತೊಳೆಯಿರಿ. ನೋವಿನಲ್ಲಿ ಎರಡು ನಿಮಿಷವೇ ಹದಿನೈದರಂತೆ ಅನ್ನಿಸುತ್ತದೆ. ನಮ್ಮ ಊರುಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಅದು ನನಗೂ ಗೊತ್ತು. ಒಬ್ಬರು ಚೊಂಬಿನಿಂದ ಸುರಿಯಲಿ, ಇನ್ನೊಬ್ಬರು ನೊರೆ ಹಚ್ಚಲಿ. ಗಾಯವನ್ನು ಬಕೆಟ್‌ನಲ್ಲಿ ಅದ್ದಿ ಇಡಬೇಡಿ. ಹಲ್ಲು ಇಳಿದ ತೂತು ಮೇಲೆ ಚಿಕ್ಕದು, ಒಳಗೆ ಆಳ. ಅದರ ಅಂಚನ್ನು ಮೆಲ್ಲಗೆ ಬಿಡಿಸಿ ನೀರು ಒಳಗೆ ಹರಿಯುವಂತೆ ಮಾಡಿ. ಬ್ರಷ್ಷಿನಿಂದ ಉಜ್ಜಬೇಡಿ. ರಕ್ತ ಧಾರೆಯಾಗಿ ಹರಿಯುತ್ತಿದ್ದರೆ ಮಾತ್ರ ಮೊದಲು ಶುಭ್ರವಾದ ಬಟ್ಟೆ ಒತ್ತಿ ಹಿಡಿಯಿರಿ.

ಒಂದು ಸಲ ಏಳೆಂಟು ವರ್ಷದ ಹುಡುಗನನ್ನು ಅವರಜ್ಜಿ ಎತ್ತಿಕೊಂಡು ಬಂದಿದ್ದರು. ಮೀನಖಂಡದಲ್ಲಿ ಎರಡು ತೂತು, ಎರಡಕ್ಕೂ ಸುಣ್ಣ ತುಂಬಿ ಒಣಗಿ ಹೋಗಿತ್ತು. ಸುಣ್ಣ ಸುತ್ತಲಿನ ಚರ್ಮವನ್ನೂ ಸುಟ್ಟಿತ್ತು. ಅದನ್ನು ನೆನೆಸಿ ನೆನೆಸಿ ಬಿಡಿಸುವಷ್ಟರಲ್ಲಿ ಅರ್ಧ ಗಂಟೆ ಆಯಿತು. ಅಜ್ಜಿ ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು, ‘ಒಳ್ಳೇದಾಗ್ಲಿ ಅಂತ ಹಾಕಿದ್ನಮ್ಮಾ’ ಅಂತ ಅಳುತ್ತಿದ್ದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಇದನ್ನು ಬರೆಯುತ್ತಿರುವುದು ಅಂಥ ಅಜ್ಜಿಯರಿಗೆ ಯಾರಾದರೂ ಓದಿ ಹೇಳಲಿ ಅಂತ.

ತೊಳೆದ ಮೇಲೆ ಪೊವಿಡೋನ್ ಅಯೋಡಿನ್ (ಗಾಯಕ್ಕೆ ಹಚ್ಚುವ ಕಂದು ಬಣ್ಣದ ಔಷಧಿ) ಇದ್ದರೆ ಹಚ್ಚಿ. ಬ್ಯಾಂಡೇಜ್ ಸುತ್ತಬೇಡಿ.

ಸೀರಮ್

ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಸೀರಮ್ ಕೂಡ ಬೇಕು. ಇದನ್ನು ನೀವೇ ಬಾಯಿಬಿಟ್ಟು ಕೇಳಿ. ಸೀರಮ್ ಅಂದರೆ ಕುದುರೆಯ ಅಥವಾ ಬೇರೆ ಮನುಷ್ಯರ ರಕ್ತದಿಂದ ತೆಗೆದ ಸಿದ್ಧ ಪ್ರತಿಕಾಯ. ನಮ್ಮ ಮೈ ತನ್ನದನ್ನು ತಯಾರಿಸುವವರೆಗೆ ಈ ಕೈಸಾಲ ಕಾಯುತ್ತದೆ. ಇದನ್ನು ಗಾಯದ ಒಳಕ್ಕೂ ಸುತ್ತಲೂ ಚುಚ್ಚುತ್ತಾರೆ, ಯಾಕೆಂದರೆ ವೈರಸ್ ಇರುವುದು ಅಲ್ಲಿ. ನೋವಾಗುತ್ತದೆ. ಎಷ್ಟೋ ಜನ ‘ಇದೊಂದು ಬೇಡ’ ಅಂತ ಎದ್ದು ಹೋಗುತ್ತಾರೆ. ಕೈ ಮುಗಿದು ಕೇಳುತ್ತೇನೆ, ಹೋಗಬೇಡಿ. ಊರಿನ ಆರೋಗ್ಯ ಕೇಂದ್ರದಲ್ಲಿ ಸಿಗದಿದ್ದರೆ ಮೊದಲ ಲಸಿಕೆ ಅಲ್ಲೇ ಹಾಕಿಸಿಕೊಂಡು ಕೋಲಾರಕ್ಕೋ ಚಿಕ್ಕಬಳ್ಳಾಪುರಕ್ಕೋ ಜಿಲ್ಲಾ ಆಸ್ಪತ್ರೆಗೆ ಹೊರಡಿ. ಮೊದಲ ಲಸಿಕೆಯಾಗಿ 7 ದಿನ ದಾಟಿದರೆ ಸೀರಮ್ ಕೊಡುವುದಿಲ್ಲ.

ಲಸಿಕೆ

ಮೊದಲ ಲಸಿಕೆ ಹಾಕಿದ ದಿನವನ್ನು 0 ಅಂತ ಎಣಿಸುತ್ತಾರೆ. ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ. ಮಾಂಸಖಂಡಕ್ಕಾದರೆ 14ನೇ ದಿನವೂ ಸೇರುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ತೋಳಿಗೆ ಹಾಕಬೇಕು, ಚಿಕ್ಕ ಮಕ್ಕಳಿಗೆ ತೊಡೆಗೆ. ಕುಂಡಿಗೆ ಹಾಕಿದರೆ ಕೊಬ್ಬಿನಲ್ಲಿ ಸೇರಿಕೊಂಡು ಸರಿಯಾಗಿ ಕೆಲಸ ಮಾಡುವುದಿಲ್ಲ. ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಅನ್ನುವ ಹೆದರಿಕೆ ಈಗಲೂ ಇದೆ. ಅದು ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಹಳೆಯ ಲಸಿಕೆ, ನಮ್ಮ ದೇಶದಲ್ಲಿ ಈಗ ಇಲ್ಲವೇ ಇಲ್ಲ.

ಜನ ಜಾಸ್ತಿ ತಪ್ಪಿಸುವುದು ಕೊನೆಯದನ್ನು. ಗಾಯ ಮಾಯ್ದಿರುತ್ತದೆ, ಟೊಮೆಟೊ ಕೊಯ್ಲು ಬಂದಿರುತ್ತದೆ. ಆದರೆ ಗಾಯ ಮಾಯುವುದೇ ಬೇರೆ, ಪ್ರತಿಕಾಯ ಬಲಿಯುವುದೇ ಬೇರೆ. ಒಂದೊಂದು ಸೂಜಿಗೂ ಮೈ ಹಿಂದಿನ ಪಾಠವನ್ನು ಗಟ್ಟಿ ಮಾಡಿಕೊಳ್ಳುತ್ತದೆ. ‘ಹತ್ತು ದಿನ ನಾಯಿ ನೋಡೋಣ, ಸತ್ತರೆ ಹಾಕಿಸೋಣ’ ಅನ್ನುವುದೂ ತಪ್ಪು. ಇವತ್ತೇ ಶುರು ಮಾಡಿ, ನಾಯಿಯನ್ನೂ ನೋಡುತ್ತಿರಿ. ಅದು ಹತ್ತು ದಿನ ಆರೋಗ್ಯವಾಗಿದ್ದರೆ ಮುಂದಿನದನ್ನು ಡಾಕ್ಟರು ಹೇಳುತ್ತಾರೆ.

ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಅಂತ ಮಾರುವ ಪುಡಿ, ಕಷಾಯಗಳನ್ನು ಈ ವಿಷಯದಲ್ಲಿ ನಂಬಲೇಬೇಡಿ. ದಿನಾ ಗರಡಿಗೆ ಹೋಗುವ ಗಟ್ಟಿಮುಟ್ಟು ಆಳಿನ ಮೈಗೂ ಲಸಿಕೆ ತೋರಿಸುವವರೆಗೆ ಈ ವೈರಸ್‌ನ ಗುರುತು ಗೊತ್ತಿರುವುದಿಲ್ಲ.

ಒಮ್ಮೆ ಗೊತ್ತಾದರೆ ಮೈ ಮರೆಯುವುದಿಲ್ಲ. ನೆನಪಿಟ್ಟುಕೊಳ್ಳುವ ಕಣಗಳು ವರ್ಷಗಟ್ಟಲೆ ಉಳಿಯುತ್ತವೆ. ಪೂರ್ತಿ ಲಸಿಕೆ ಆಗಿದ್ದವರಿಗೆ ಮುಂದೆಂದಾದರೂ ನಾಯಿ ಕಚ್ಚಿದರೆ 0 ಮತ್ತು 3ನೇ ದಿನ ಎರಡೇ ಸಲ ಹಾಕಿಸಿದರೆ ಸಾಕು, ಸೀರಮ್ ಬೇಡ. ತೊಳೆಯುವುದಂತೂ ಆಗಲೂ ಬೇಕು. ಆದರೆ ಹಿಂದೆ ಹಾಕಿಸಿದ್ದಕ್ಕೆ ಆಸ್ಪತ್ರೆಯವರು ದಾಖಲೆ ಕೇಳುತ್ತಾರೆ. ಅದಕ್ಕೇ ನನ್ನ ಹತ್ತಿರ ಬಂದವರಿಗೆಲ್ಲ ಹೇಳುತ್ತಿದ್ದೆ, ಈ ಚೀಟಿಯನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೇ ಇಟ್ಟುಕೊಳ್ಳಿ ಅಂತ.